ಬ್ರಿಟಿಷ್ ಕೊಲಂಬಿಯಾದಲ್ಲಿ ಚಿನ್ನ–ತಾಮ್ರದ ಶೋಧ: ಮೂಲನಿವಾಸಿ ಸಮುದಾಯಗಳ ಜೊತೆ ಸೇರಿ ಕೆಲಸ ಮಾಡುವ ಬಗೆ

ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ ತೆಸ್ತಾನ್ ಬಿನಿ ಎಂಬ ಸರೋವರವಿದೆ. ಅದರ ಪಕ್ಕದ ನೆಲದಡಿ ತಾಮ್ರ ಮತ್ತು ಚಿನ್ನದ ದೊಡ್ಡ ನಿಕ್ಷೇಪವಿದೆ ಎಂಬುದು ಬಹಳ ಹಿಂದೆಯೇ ಗೊತ್ತಾಗಿತ್ತು. ಆದರೂ ಅಲ್ಲಿ ಗಣಿ ಆಗಲಿಲ್ಲ. ಕೇಂದ್ರ ಸರ್ಕಾರ ಆ ಯೋಜನೆಯನ್ನು 2010ರಲ್ಲೊಮ್ಮೆ, 2014ರಲ್ಲೊಮ್ಮೆ ತಿರಸ್ಕರಿಸಿತು. ಕೊನೆಗೆ 2025ರ ಜೂನ್‌ನಲ್ಲಿ ಆದ ಒಪ್ಪಂದದ ಪ್ರಕಾರ, ಅಲ್ಲಿನ ಮೂಲನಿವಾಸಿಗಳಾದ ಸಿಲ್ಕೋಟಿನ್ ಜನಾಂಗದ ಸಮ್ಮತಿ ಇಲ್ಲದೆ ಅಲ್ಲಿ ಗಣಿಗಾರಿಕೆ ನಡೆಯುವಂತಿಲ್ಲ. ಖನಿಜ ಹಕ್ಕಿನಲ್ಲಿ ಶೇ 22.5ರ ಪಾಲು ಅವರ ಪರವಾಗಿ ಒಂದು ಟ್ರಸ್ಟಿಗೆ ಹೋಯಿತು. ಅದಿರಿನ ಲೆಕ್ಕದಲ್ಲಿ ಅಲ್ಲಿ ಕೊರತೆ ಇರಲಿಲ್ಲ. ಆ ಸರೋವರ ಅಲ್ಲಿನ ಜನರಿಗೆ ಏನು ಎಂಬ ಪ್ರಶ್ನೆ ಮಾತ್ರ ಕೊನೆಯವರೆಗೂ ಉಳಿದೇ ಇತ್ತು.

ಸಣ್ಣ ಶೋಧ ಕಂಪನಿಗಳಲ್ಲಿ ಕೆಲಸ ಮಾಡುವ ಭೂವಿಜ್ಞಾನಿಗಳು, ಯೋಜನೆ ನಡೆಸುವವರು ಮತ್ತು ಈ ಕ್ಷೇತ್ರಕ್ಕೆ ಹೊಸದಾಗಿ ಬರುವವರಿಗಾಗಿ ಈ ಬರಹ. ಇದರಲ್ಲಿ ಕೊರೆತದ ವಿಷಯವೂ ಇದೆ, ಮಾತುಕತೆಯ ವಿಷಯವೂ ಇದೆ. ಅವೆರಡನ್ನು ಬೇರೆ ಬೇರೆ ಕಡತಗಳಾಗಿ ಇಟ್ಟುಕೊಂಡ ಕಡೆಯಲ್ಲೇ ಯೋಜನೆಗಳು ಎಡವುತ್ತವೆ. ಮೊದಲೇ ಒಂದು ಮಾತು ಹೇಳಿಬಿಡಬೇಕು: ಸಮುದಾಯದ ಬಳಿಗೆ ಹೋಗುವಾಗ ನಿಮ್ಮ ಯೋಜನೆಯಲ್ಲಿ ಬದಲಿಸಲು ಇನ್ನೂ ಜಾಗ ಉಳಿದಿರಬೇಕು. ಎಲ್ಲವನ್ನೂ ಗೊತ್ತುಮಾಡಿ ಹೆಲಿಕಾಪ್ಟರ್ ಕಾಯ್ದಿರಿಸಿದ ಮೇಲೆ ನಡೆಸುವ ಸಭೆಯನ್ನು ಯಾರೂ ಸಮಾಲೋಚನೆ ಎಂದು ಒಪ್ಪುವುದಿಲ್ಲ, ನ್ಯಾಯಾಲಯವೂ ಒಪ್ಪುವುದಿಲ್ಲ.

ಹೆಜ್ಜೆ 1: ಕ್ಲೈಮ್ ಹಾಕುವ ಮುನ್ನ, ಅದು ಯಾರ ನೆಲ ಎಂದು ತಿಳಿಯಿರಿ

2005ರಿಂದ ಈ ಪ್ರಾಂತ್ಯದಲ್ಲಿ ಕ್ಲೈಮ್‌ಗಳನ್ನು, ಅಂದರೆ ಗೊತ್ತಾದ ಜಾಗದ ಖನಿಜದ ಮೇಲಿನ ಹಕ್ಕುಗಳನ್ನು, ಆನ್‌ಲೈನ್ ನಕ್ಷೆಯ ಮೇಲೆ ಚೌಕಗಳನ್ನು ಆರಿಸಿ ಪಡೆಯಲಾಗುತ್ತಿತ್ತು. ಒಂದು ಚೌಕ ದಕ್ಷಿಣದಲ್ಲಿ ಸುಮಾರು 21 ಹೆಕ್ಟೇರ್, ಉತ್ತರದಲ್ಲಿ ಸುಮಾರು 16 ಹೆಕ್ಟೇರ್. ಹಣ ಕಟ್ಟಿದ ಕೆಲವೇ ನಿಮಿಷಗಳಲ್ಲಿ ಕ್ಲೈಮ್ ಕೈಗೆ ಬರುತ್ತಿತ್ತು. ಆ ನೆಲದಲ್ಲಿ ತಲೆಮಾರುಗಳಿಂದ ಬೇಟೆಯಾಡುತ್ತ, ಮೀನು ಹಿಡಿಯುತ್ತ ಬಂದವರಿಗೆ ಒಂದು ಮಾತೂ ತಿಳಿಸುವ ಪದ್ಧತಿ ಇರಲಿಲ್ಲ. ಗಿಟ್‌ಹಾಟ್ಲಾ ಮತ್ತು ಎಹಾಟೆಸಾಟ್ ಸಮುದಾಯಗಳು ಇದನ್ನು ಪ್ರಶ್ನಿಸಿದವು. ಕ್ಲೈಮ್ ಕೊಡುವ ಹಂತದಲ್ಲೇ ಸಮಾಲೋಚಿಸುವ ಕರ್ತವ್ಯ ಸರ್ಕಾರದ ಮೇಲಿದೆ ಎಂದು ಪ್ರಾಂತ್ಯದ ಸುಪ್ರೀಂ ಕೋರ್ಟ್ 2023ರ ಸೆಪ್ಟೆಂಬರ್‌ನಲ್ಲಿ ಹೇಳಿತು. ಅದರ ಫಲವಾಗಿ 2025ರ ಮಾರ್ಚ್ 26ರಿಂದ ಹೊಸ ಪದ್ಧತಿ ಬಂದಿದೆ: ಅರ್ಜಿ ಹಾಕಿದ ಮೇಲೆ ಸಂಬಂಧಪಟ್ಟ ಸಮುದಾಯಗಳ ಜೊತೆ ಸಮಾಲೋಚನೆ, ಆಮೇಲೆ ತೀರ್ಮಾನ. ನಿಮ್ಮ ವೇಳಾಪಟ್ಟಿಯಲ್ಲಿ ಇದಕ್ಕೆ 90ರಿಂದ 120 ದಿನ ಇಟ್ಟುಕೊಳ್ಳಿ.

ಕ್ಲೈಮ್ ಸಿಕ್ಕರೂ ನಿಮಗೆ ಬರುವುದು ನೆಲದಡಿಯ ಖನಿಜದ ಹಕ್ಕು ಮಾತ್ರ, ನೆಲದ ಒಡೆತನ ಬರುವುದಿಲ್ಲ. ಅದನ್ನು ಉಳಿಸಿಕೊಳ್ಳಲು ಪ್ರತಿ ವರ್ಷ ಇಷ್ಟು ಮೊತ್ತದ ಕೆಲಸ ಮಾಡಿ ತೋರಿಸಬೇಕು: ಮೊದಲ ಎರಡು ವರ್ಷ ಹೆಕ್ಟೇರಿಗೆ 5 ಡಾಲರ್, ಮೂರು–ನಾಲ್ಕನೇ ವರ್ಷ 10, ಐದು–ಆರನೇ ವರ್ಷ 15, ಆಮೇಲೆ 20. ಕೆಲಸ ಮಾಡದೆ ಹಣ ಕಟ್ಟಿ ಉಳಿಸಿಕೊಳ್ಳುವುದಾದರೆ ಇದರ ಎರಡರಷ್ಟು. 2,000 ಹೆಕ್ಟೇರ್ ಇದ್ದರೆ ಮೊದಲ ವರ್ಷ 10,000 ಡಾಲರ್, ಏಳನೇ ವರ್ಷ 40,000. ಮಾತುಕತೆಗೆ ಒಂದು ವರ್ಷ ಹೆಚ್ಚು ಹಿಡಿದರೂ ನಷ್ಟ ಎಷ್ಟು ಎಂಬ ಲೆಕ್ಕವನ್ನು ಆರಂಭದಲ್ಲೇ ಮಾಡಿಟ್ಟುಕೊಳ್ಳಿ. ಅದು ನೀವು ಭಯಪಡುವಷ್ಟು ದೊಡ್ಡದಿರುವುದಿಲ್ಲ.

ನೆಲ ಯಾರದು ಎಂಬ ಪ್ರಶ್ನೆಗೆ ಸರ್ಕಾರದ ಸಮಾಲೋಚನಾ ಪ್ರದೇಶಗಳ ನಕ್ಷೆಯಲ್ಲಿ ಮೊದಲ ಉತ್ತರ ಸಿಗುತ್ತದೆ. ಅಲ್ಲಿಗೇ ನಿಲ್ಲಿಸಬೇಡಿ. ಒಂದೇ ಕಣಿವೆ ಎರಡು–ಮೂರು ಸಮುದಾಯಗಳ ಸಾಂಪ್ರದಾಯಿಕ ನೆಲವಾಗಿರುವುದು ಸಾಮಾನ್ಯ. ಯಾರೊಬ್ಬರ ಜೊತೆಗೆ ಮಾತ್ರ ಒಪ್ಪಂದ ಮಾಡಿಕೊಂಡು, ಉಳಿದವರಿಗೆ ಪತ್ರಿಕೆಯಿಂದ ಸುದ್ದಿ ತಿಳಿದರೆ ನೀವು ಆ ಸಮುದಾಯಗಳ ನಡುವೆಯೇ ಬಿರುಕು ತಂದ ಹಾಗಾಗುತ್ತದೆ. ಗಡಿಯ ವಿಷಯದಲ್ಲಿ ತೀರ್ಪು ಕೊಡುವುದು ಕಂಪನಿಯ ಕೆಲಸವಲ್ಲ. ನಕ್ಷೆಯಲ್ಲಿ ಬರುವ ಎಲ್ಲರಿಗೂ ಒಂದೇ ದಿನ, ಒಂದೇ ಮಾಹಿತಿಯ ಪತ್ರ ಹೋಗಲಿ.

ಯಾರಿಗೆ ಪತ್ರ ಬರೆಯಬೇಕು ಎಂಬುದರಲ್ಲೂ ತಪ್ಪಾಗುತ್ತದೆ. ಕೆನಡಾದ ಇಂಡಿಯನ್ ಕಾಯ್ದೆಯಡಿ (ಇಲ್ಲಿ ಇಂಡಿಯನ್ ಎಂದರೆ ಅಲ್ಲಿನ ಮೂಲನಿವಾಸಿ) ಚುನಾಯಿತವಾದ ಬ್ಯಾಂಡ್ ಕೌನ್ಸಿಲ್ ಎಂಬ ಸಮುದಾಯದ ಆಡಳಿತ ಮಂಡಳಿ ಒಂದು ಕಡೆ, ವಂಶಪರಂಪರೆಯ ಮುಖ್ಯಸ್ಥರು ಇನ್ನೊಂದು ಕಡೆ. 1997ರ ಡೆಲ್ಗಮೂಕ್ ಪ್ರಕರಣವನ್ನು ಕೆನಡಾದ ಸುಪ್ರೀಂ ಕೋರ್ಟಿನವರೆಗೆ ಒಯ್ದವರು ಗಿಟ್‌ಕ್ಸಾನ್ ಮತ್ತು ವೆಟ್‌ಸುವೆಟೆನ್ ಜನರ ವಂಶಪರಂಪರೆಯ ಮುಖ್ಯಸ್ಥರು. ಮೂಲನಿವಾಸಿಗಳ ನೆಲದ ಹಕ್ಕು ಎಂದರೆ ಏನು ಎಂಬುದನ್ನು ಕೆನಡಾದ ಕಾನೂನು ವಿವರಿಸಿದ್ದು ಅವರ ಮೊಕದ್ದಮೆಯಲ್ಲಿ. ತಾಲ್ತಾನ್ ಜನರಲ್ಲಿ ಕೇಂದ್ರ ಆಡಳಿತ ಸಂಸ್ಥೆಯೊಂದು ಇಡೀ ಜನಾಂಗದ ಪರವಾಗಿ ಮಾತಾಡುತ್ತದೆ. ನಿಸ್ಗಾ ಜನರದು 2000ದ ಮೇ ತಿಂಗಳಿಂದ ಒಡಂಬಡಿಕೆಯ ಸ್ವಂತ ಸರ್ಕಾರ. ಎಲ್ಲರಿಗೂ ಹೊಂದುವ ಒಂದೇ ದಾರಿ ಇಲ್ಲ. "ಇಂಥ ವಿಷಯಕ್ಕೆ ನಿಮ್ಮಲ್ಲಿ ಯಾರ ಜೊತೆ, ಯಾವ ಕ್ರಮದಲ್ಲಿ ಮಾತಾಡಬೇಕು?" ಎಂದು ಅವರ ಭೂಮಿ ವಿಭಾಗದ ಕಚೇರಿಯನ್ನೇ ಕೇಳಿ. ಹಲವು ಸಮುದಾಯಗಳು ಇದಕ್ಕೆಂದೇ ಲಿಖಿತ ಸಮಾಲೋಚನಾ ನೀತಿ ಇಟ್ಟುಕೊಂಡಿವೆ. ಅದು ಇದ್ದರೆ ಅದರಂತೆಯೇ ನಡೆಯಿರಿ.

ಹೆಜ್ಜೆ 2: ಮೊದಲ ಪತ್ರ, ಮೊದಲ ಭೇಟಿ

ಉತ್ತರ ಭಾಗದಲ್ಲಿ ಹೊರಾಂಗಣ ಕೆಲಸಕ್ಕೆ ಸಿಗುವುದು ಹೆಚ್ಚುಕಡಿಮೆ ಜೂನ್‌ನಿಂದ ಸೆಪ್ಟೆಂಬರ್. ಆದ್ದರಿಂದ ಮುಂದಿನ ಬೇಸಿಗೆಯ ಕೆಲಸಕ್ಕೆ ಮೊದಲ ಪತ್ರ ಅಕ್ಟೋಬರ್‌ನಲ್ಲೇ ಹೋಗಬೇಕು. ಪತ್ರ ಎರಡು ಪುಟ ಮೀರದಿರಲಿ. ನೀವು ಯಾರು, ಹಣ ಎಲ್ಲಿಂದ ಬರುತ್ತದೆ, ಯಾವ ಕಣಿವೆ, ಏನು ಹುಡುಕುತ್ತಿದ್ದೀರಿ, ಈ ವರ್ಷ ಏನು ಮಾಡಬೇಕೆಂದಿದ್ದೀರಿ, ಏನನ್ನು ಇನ್ನೂ ತೀರ್ಮಾನಿಸಿಲ್ಲ, ಇಷ್ಟು ಸಾಕು. ಜೊತೆಗೆ ನದಿ, ಸರೋವರ, ಬೆಟ್ಟಗಳ ಹೆಸರಿರುವ ಒಂದು ನಕ್ಷೆ. ಕ್ಲೈಮ್ ಸಂಖ್ಯೆಗಳು ಮಾತ್ರ ಇರುವ ನಕ್ಷೆ ಹಿರಿಯರಿಗೆ ಏನನ್ನೂ ಹೇಳುವುದಿಲ್ಲ. ಸ್ಥಳೀಯ ಭಾಷೆಯ ಹೆಸರುಗಳು ಗೊತ್ತಿದ್ದರೆ ಅವನ್ನೇ ಬಳಸಿ, ಗೊತ್ತಿಲ್ಲದಿದ್ದರೆ ಕೇಳಿ ತುಂಬಿಸಿಕೊಳ್ಳಿ.

ಉತ್ತರ ಬರದಿದ್ದರೆ ಅದನ್ನು ಒಪ್ಪಿಗೆ ಎಂದುಕೊಳ್ಳಬೇಡಿ. ಭೂಮಿ ಕಚೇರಿಗಳಲ್ಲಿ ಕೆಲವೇ ಜನ ಇರುತ್ತಾರೆ. ಮರ ಕಡಿಯುವಿಕೆ, ವಿದ್ಯುತ್ ತಂತಿ, ರಸ್ತೆ, ಗಣಿ, ಹೀಗೆ ಎಲ್ಲದರ ಕಡತಗಳೂ ಅವರ ಮೇಜಿನ ಮೇಲೆ ಬಂದು ಬೀಳುತ್ತವೆ. ನಿಮ್ಮ ಅರ್ಜಿಯನ್ನು ಓದಿ ಪರಿಶೀಲಿಸಲು ಅವರಿಗೆ ತಗಲುವ ವೆಚ್ಚವನ್ನು ನೀವು ಭರಿಸಬೇಕು. ಅವರೇ ಆರಿಸಿಕೊಂಡ ತಜ್ಞರ ಶುಲ್ಕವೂ ಇದರಲ್ಲಿ ಸೇರುತ್ತದೆ. ಸಾಮರ್ಥ್ಯ ನಿಧಿ ಎಂದು ಕರೆಯುವುದು ಇದನ್ನೇ. ಕೆಲವರು ಇದನ್ನು ಒಪ್ಪಿಗೆಗೆ ಕೊಡುವ ಬೆಲೆ ಎಂದು ತಪ್ಪು ತಿಳಿಯುತ್ತಾರೆ. ಹಣ ಪಡೆದು, ಚೆನ್ನಾಗಿ ಓದಿ, ಕೊನೆಗೆ ಬೇಡ ಎನ್ನುವ ಹಕ್ಕು ಅವರಿಗಿದೆ, ಮತ್ತು ಅದು ಪತ್ರದಲ್ಲಿ ಸ್ಪಷ್ಟವಾಗಿ ಬರೆದಿರಬೇಕು.

ಮೊದಲ ಸಭೆಗೆ ನಿಜವಾಗಿ ತೀರ್ಮಾನ ತೆಗೆದುಕೊಳ್ಳಬಲ್ಲವರು ಹೋಗಬೇಕು. ಅಲ್ಲಿ ಕೇಳುವ ಪ್ರಶ್ನೆಗಳು ಬಹುಪಾಲು ಗಣಿಯ ಬಗ್ಗೆಯೇ ಇರುತ್ತವೆ, ನೀವು ಇನ್ನೂ ಮಣ್ಣಿನ ಮಾದರಿಯ ಹಂತದಲ್ಲಿದ್ದರೂ ಸರಿ. ಅದಕ್ಕೆ ಕಾರಣವಿದೆ. 2014ರ ಆಗಸ್ಟ್ 4ರಂದು ಮೌಂಟ್ ಪಾಲಿ ತಾಮ್ರ–ಚಿನ್ನದ ಗಣಿಯ ತ್ಯಾಜ್ಯದ ಕಟ್ಟೆ ಒಡೆದು, ಕೆಸರು ಹೇಜಲ್‌ಟೈನ್ ತೊರೆಯನ್ನು ಕೊಚ್ಚಿಕೊಂಡು ಕ್ವೆನೆಲ್ ಸರೋವರಕ್ಕೆ ನುಗ್ಗಿತು. ಕಟ್ಟೆಯ ಬುಡದಲ್ಲಿದ್ದ ಹಿಮಯುಗದ ಸರೋವರದ ಮೆದು ಜೇಡಿಪದರವನ್ನು ವಿನ್ಯಾಸಗಾರರು ಸರಿಯಾಗಿ ಗುರುತಿಸಿರಲಿಲ್ಲ. ಅದು ಸಾಲ್ಮನ್ ಮೀನಿನ ನೀರು. ಆ ನೆನಪು ಇಡೀ ಪ್ರಾಂತ್ಯದಲ್ಲಿ ಹಸಿಯಾಗಿದೆ. "ಅದು ಇನ್ನೂ ದೂರದ ಮಾತು" ಎಂದು ತಳ್ಳಿಹಾಕಬೇಡಿ. ಬಹುತೇಕ ಶೋಧಗಳು ಗಣಿಯಾಗುವುದೇ ಇಲ್ಲ ಎಂಬ ಸತ್ಯವನ್ನು ಹೇಳಿ. ಆದರೆ ಏನಾದರೂ ಸಿಕ್ಕಿ ಗಣಿಯ ಮಾತು ಬಂದರೆ ಅದು ಪ್ರತ್ಯೇಕ ತೀರ್ಮಾನ, ಅದಕ್ಕೆ ಪ್ರತ್ಯೇಕ ಸಮ್ಮತಿ ಬೇಕು ಎಂಬುದನ್ನು ಲಿಖಿತವಾಗಿ ಕೊಡಿ. ಗಣಿಯ ಉದ್ಯೋಗಗಳ ಆಸೆ ತೋರಿಸುವುದು ಈ ಹಂತದಲ್ಲಿ ದೊಡ್ಡ ತಪ್ಪು. ಇಪ್ಪತ್ತು ರಂಧ್ರ ಕೊರೆದು ಏನೂ ಸಿಗದೆ ನೀವು ಹೊರಟು ಹೋದ ಮೇಲೆ, ಆಸೆಯಿಂದ ಕಾದವರು ಅಲ್ಲೇ ಉಳಿದಿರುತ್ತಾರೆ.

ಹೆಜ್ಜೆ 3: ಶೋಧ ಒಪ್ಪಂದ

ಸಮಾಲೋಚನೆಯ ಅಂತಿಮ ಹೊಣೆ ಸರ್ಕಾರದ್ದು. ಹೈಡಾ ಜನರ ಮೊಕದ್ದಮೆಯಲ್ಲಿ ಕೆನಡಾದ ಸುಪ್ರೀಂ ಕೋರ್ಟ್ 2004ರಲ್ಲಿ ಕೊಟ್ಟ ತೀರ್ಪು ಇದನ್ನು ಸ್ಪಷ್ಟಪಡಿಸಿತು. ಸರ್ಕಾರ ಅದರ ಕೆಲವು ಕಾರ್ಯವಿಧಾನಗಳನ್ನು ಕಂಪನಿಗೆ ವಹಿಸಬಹುದು, ಹೊಣೆಯನ್ನು ವಹಿಸಲಾಗದು. ಹಾಗಿದ್ದೂ ಕಂಪನಿ ಮತ್ತು ಸಮುದಾಯದ ನಡುವೆ ನೇರ ಒಪ್ಪಂದ ಇರುವುದೇ ಒಳ್ಳೆಯದು. ಸರ್ಕಾರದ ಪ್ರಕ್ರಿಯೆ ನಡೆಯುವುದು ಅರ್ಜಿಯ ಸುತ್ತ. ನಿಮ್ಮ ಶಿಬಿರದಲ್ಲಿ ದಿನವೂ ಹುಟ್ಟುವ ಪ್ರಶ್ನೆಗಳಿಗೆ ಅಲ್ಲಿ ಉತ್ತರ ಇರುವುದಿಲ್ಲ.

2019ರ ನವೆಂಬರ್‌ನಲ್ಲಿ ಪ್ರಾಂತ್ಯ ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆಯನ್ನು ತನ್ನ ಕಾಯ್ದೆಯ ಮೂಲಕ ಒಪ್ಪಿಕೊಂಡಿತು. ಆ ಕಾಯ್ದೆಯ 7ನೇ ವಿಧಿಯಡಿ ಸಮ್ಮತಿ ಆಧಾರಿತ ತೀರ್ಮಾನದ ಮೊದಲ ಒಪ್ಪಂದ 2022ರ ಜೂನ್‌ನಲ್ಲಿ ತಾಲ್ತಾನ್ ಆಡಳಿತದ ಜೊತೆ, ಎಸ್ಕೇ ಕ್ರೀಕ್ ಚಿನ್ನ–ಬೆಳ್ಳಿ ಯೋಜನೆಗೆ ಆಯಿತು. ಮರುವರ್ಷ ರೆಡ್ ಕ್ರಿಸ್ ತಾಮ್ರ–ಚಿನ್ನದ ಗಣಿಗೂ ಅಂಥದೇ ಒಪ್ಪಂದ ಬಂತು. ನೀವಿನ್ನೂ ಮಣ್ಣು ತೆಗೆಯುವ ಹಂತದಲ್ಲಿದ್ದರೂ, ದಾರಿ ಯಾವ ಕಡೆ ಹೊರಳಿದೆ ಎಂಬುದನ್ನು ಇವು ತೋರಿಸುತ್ತವೆ.

ಶೋಧ ಹಂತದ ಒಪ್ಪಂದದಲ್ಲಿ ತಪ್ಪದೆ ಇರಬೇಕಾದವು ಇವು:

- ಪ್ರತಿ ವರ್ಷದ ಕೆಲಸದ ಯೋಜನೆಯನ್ನು ಅರ್ಜಿ ಸಲ್ಲಿಸುವ ಮೊದಲೇ ತೋರಿಸುವ ದಿನಾಂಕ, ಪರಿಶೀಲನೆಗೆ ಅವರಿಗೆ ಸಿಗುವ ದಿನಗಳು.
- ಹಣ: ಸಾಮರ್ಥ್ಯ ನಿಧಿ, ನೆಲದ ಮೇಲಿನ ವೆಚ್ಚದಲ್ಲಿ ಶೇಕಡಾ ಇಷ್ಟು ಎಂಬ ಪಾವತಿ, ಸಮುದಾಯದ ಕಡೆಯ ಪರಿಸರ ಮೇಲ್ವಿಚಾರಕರ ಸಂಬಳ. ಲೆಕ್ಕಕ್ಕೆ ಯಾವ ವೆಚ್ಚ ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬ ಪಟ್ಟಿ.
- ಮೇಲ್ವಿಚಾರಕರಿಗೆ ಕೆಲಸ ನಿಲ್ಲಿಸುವ ಅಧಿಕಾರ, ಮತ್ತೆ ಶುರುಮಾಡುವ ಕ್ರಮ.
- ಹೋಗಬಾರದ ಜಾಗಗಳು, ಹೋಗಬಾರದ ತಿಂಗಳುಗಳು.
- ಮಾಹಿತಿಯ ಒಡೆತನ.
- ಕ್ಲೈಮ್ ಮಾರಿದರೆ ಅಥವಾ ಬೇರೆ ಕಂಪನಿ ಪಾಲುದಾರನಾದರೆ ಒಪ್ಪಂದ ಅವರನ್ನೂ ಕಟ್ಟಿಹಾಕುತ್ತದೆ ಎಂಬ ಷರತ್ತು.

ಕೊನೆಯದನ್ನು ಮರೆಯುವವರು ಬಹಳ. ಸಣ್ಣ ಕಂಪನಿಗಳು ಹುಟ್ಟುವುದೇ ನಿಕ್ಷೇಪ ಕಂಡುಹಿಡಿದು ದೊಡ್ಡವರಿಗೆ ಮಾರಲು. ಈ ಷರತ್ತಿಲ್ಲದಿದ್ದರೆ ನಾಲ್ಕು ವರ್ಷ ಕಟ್ಟಿದ ನಂಬಿಕೆ ಒಂದು ಸಹಿಯಲ್ಲಿ ಕರಗಿಹೋಗುತ್ತದೆ. ಹಣದ ವಿಷಯದಲ್ಲೂ ಒಂದು ಎಚ್ಚರ: ನಗದಿನ ಬದಲು ಕಂಪನಿಯ ಷೇರುಗಳನ್ನೇ ಕೊಡುವ ರೂಢಿ ಇದೆ. ಶೋಧ ಕಂಪನಿಯ ಷೇರು ಒಂದು ಕೆಟ್ಟ ಕೊರೆತದ ಫಲಿತಾಂಶಕ್ಕೆ ಕುಸಿಯಬಲ್ಲದು. ಷೇರು ಇರಲಿ, ಆದರೆ ನಿಧಿ ಮತ್ತು ಸಂಬಳ ನಗದಾಗಿಯೇ ಇರಲಿ.

ಮಾಹಿತಿಯ ಒಡೆತನಕ್ಕೆ ಬಂದರೆ, ಒಡೆತನ, ನಿಯಂತ್ರಣ, ಪ್ರವೇಶ, ಸ್ವಾಧೀನ ಎಂಬ ನಾಲ್ಕು ತತ್ವಗಳನ್ನು ಕೆನಡಾದ ಫಸ್ಟ್ ನೇಷನ್ಸ್ ಎಂಬ ಮೂಲನಿವಾಸಿ ಸಮುದಾಯಗಳು 1998ರಿಂದ ಮುಂದಿಡುತ್ತ ಬಂದಿವೆ. ಗಿಡಮೂಲಿಕೆಯ ತಾಣ, ಸಮಾಧಿ, ಬೇಟೆಯ ಜಾಡುಗಳ ಬಗ್ಗೆ ಹಿರಿಯರು ಹೇಳಿದ್ದು ಅವರದೇ ಆಸ್ತಿ. ಅದನ್ನು ನಿಮ್ಮ ಕಂಪ್ಯೂಟರಿನ ನಕ್ಷೆಯಲ್ಲಿ ಚುಕ್ಕಿಯಾಗಿ ಇಟ್ಟುಕೊಳ್ಳುವ ಅಗತ್ಯವಿಲ್ಲ. "ಈ ಗೆರೆಯ ಒಳಗೆ ಹೋಗಬೇಡಿ" ಎಂಬ ದೊಡ್ಡ ವಲಯವೊಂದನ್ನು ಅವರಿಂದ ಪಡೆದರೆ ಸಾಕು. ಆ ವಲಯದೊಳಗೆ ಏನಿದೆ ಎಂದು ಕೇಳಬೇಡಿ.

ಹೆಜ್ಜೆ 4: ಅನುಮತಿ ಮತ್ತು ಪಂಚಾಂಗ

ಕೈ ಸಲಕರಣೆಯಿಂದ ಮಾದರಿ ತೆಗೆಯುವುದು, ನಕ್ಷೆ ಬರೆಯುವುದು, ವಿಮಾನ ಸಮೀಕ್ಷೆ, ಇವಕ್ಕೆ ಗಣಿ ಕಾಯ್ದೆಯ ಅನುಮತಿ ಬೇಕಿಲ್ಲ. ಯಂತ್ರದಿಂದ ನೆಲ ಕದಡುವ ಯಾವ ಕೆಲಸಕ್ಕೂ, ಅಂದರೆ ಕೊರೆತ, ಕಂದಕ, ದಾರಿಗೆ, ಕೆಲಸದ ಸೂಚನೆ ಎಂಬ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ನೆಲ ಸರಿಪಡಿಸುವ ವೆಚ್ಚಕ್ಕೆ ಠೇವಣಿಯನ್ನೂ ಇಡಬೇಕು. ಐದು ವರ್ಷಗಳವರೆಗಿನ ಪ್ರದೇಶ ಆಧಾರಿತ ಅನುಮತಿಯೂ ಸಿಗುತ್ತದೆ. ಅದು ಕಂಪನಿಗೆ ಅನುಕೂಲ. ಆದರೆ ರಂಧ್ರಗಳ ನಿಖರ ಜಾಗ ಅದರಲ್ಲಿ ಇರದ ಕಾರಣ ಸಮುದಾಯಕ್ಕೆ ಅಷ್ಟು ಕುರುಡು. ಪ್ರತಿ ವರ್ಷ ನಿಖರ ಜಾಗಗಳನ್ನು ತೋರಿಸಿ ಒಪ್ಪಿಗೆ ಪಡೆಯುತ್ತೇವೆ ಎಂದು ಒಪ್ಪಂದದಲ್ಲಿ ಬರೆದುಕೊಟ್ಟರೆ ಈ ತೊಡಕು ಬಗೆಹರಿಯುತ್ತದೆ. ಕೊರೆಯಲು ನೀರು ಎತ್ತುವುದಕ್ಕೆ 24 ತಿಂಗಳವರೆಗಿನ ಅಲ್ಪಾವಧಿ ಒಪ್ಪಿಗೆ ಬೇರೆ ಬೇಕು.

ಕೆಲಸದ ವೇಳಾಪಟ್ಟಿಯನ್ನು ಪ್ರಾಣಿಗಳ ವರ್ಷದ ಜೊತೆ ಇಟ್ಟು ನೋಡಿ. ಮೇ ಕೊನೆಯಿಂದ ಜೂನ್ ನಡುವಿನವರೆಗೆ ಕ್ಯಾರಿಬೂ ಎಂಬ ಹಿಮಸಾರಂಗಗಳು ಮರಿ ಹಾಕುತ್ತವೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಕಡಿದಾದ ಬಂಡೆಗಳಲ್ಲಿ ಬೆಟ್ಟದ ಆಡುಗಳೂ ಮರಿ ಹಾಕುತ್ತವೆ. ಹೆಲಿಕಾಪ್ಟರ್ ಸದ್ದಿಗೆ ಅವು ಮರಿಗಳನ್ನು ಬಿಟ್ಟು ಓಡುತ್ತವೆ. ಬೇಸಿಗೆಯ ಕೊನೆಯಿಂದ ಹಲವು ನದಿಗಳಲ್ಲಿ ಸಾಲ್ಮನ್ ಮೊಟ್ಟೆಯಿಡುತ್ತದೆ. ಸೆಪ್ಟೆಂಬರ್ ಎಂದರೆ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆ. ಚಳಿಗಾಲದ ಮಾಂಸ ಮನೆಗೆ ಬರುವ ಕಾಲ ಅದು. ಆ ಎರಡು ವಾರ ಕಣಿವೆಯ ಮೇಲೆ ಹೆಲಿಕಾಪ್ಟರ್ ಹಾರಾಟ ನಿಲ್ಲಿಸಿದರೆ ನಿಮಗೆ ಆಗುವ ನಷ್ಟಕ್ಕಿಂತ ಉಳಿಯುವ ಬಾಂಧವ್ಯ ದೊಡ್ಡದು. ಊರಿನಿಂದ ಬಂದ ನಿಮ್ಮ ಕೆಲಸಗಾರರೂ ಆ ಹೊತ್ತಿಗೆ ರಜೆ ಕೇಳುತ್ತಾರೆ. ಪಾಳಿಯ ಪಟ್ಟಿಯಲ್ಲಿ ಮೊದಲೇ ಜಾಗ ಮಾಡಿ.

ಇಷ್ಟೆಲ್ಲ ಗೊತ್ತಿದ್ದೂ ಕಂಪನಿಗಳು ಅವಸರ ಮಾಡುವುದೇಕೆ? ಹೆಚ್ಚಿನ ಸಲ ಹಣದ ಗಡುವು. ಶೋಧದ ವೆಚ್ಚಕ್ಕೆ ಸಿಗುವ ತೆರಿಗೆ ಲಾಭವನ್ನು ಕಂಪನಿ ಹೂಡಿಕೆದಾರರಿಗೆ ದಾಟಿಸುವ ಫ್ಲೋ-ತ್ರೂ ಷೇರುಗಳು ಕೆನಡಾದಲ್ಲಿವೆ. ಅವುಗಳ ಮೂಲಕ ಎತ್ತಿದ ಹಣವನ್ನು, ತೆರಿಗೆ ಲಾಭವನ್ನು ಹೂಡಿಕೆದಾರರಿಗೆ ಆ ವರ್ಷಕ್ಕೇ ಬಿಟ್ಟುಕೊಟ್ಟಿದ್ದರೆ, ಮರುವರ್ಷದ ಡಿಸೆಂಬರ್ 31ರೊಳಗೆ ಶೋಧಕ್ಕೆ ಖರ್ಚು ಮಾಡಲೇಬೇಕು. ಮಾತುಕತೆ ಮುಗಿಯುವ ಮೊದಲೇ ಹಣ ಎತ್ತಿದರೆ ಗಡಿಯಾರ ನಿಮ್ಮ ತಲೆಯ ಮೇಲೆ ಕೂರುತ್ತದೆ, ಆ ಒತ್ತಡವನ್ನು ನೀವು ಸಮುದಾಯದ ಮೇಲೆ ಹಾಕುತ್ತೀರಿ. ಮೊದಲು ಮಾತು, ಆಮೇಲೆ ಹಣ. ಈ ಕ್ರಮ ತಲೆಕೆಳಗಾದಾಗ ಕೆಟ್ಟ ಸಂಬಂಧಗಳು ಬಹಳ.

ಹೆಜ್ಜೆ 5: ನೆಲದ ಮೇಲಿನ ಮಾದರಿಗಳು

ಇಲ್ಲಿ ಹುಡುಕುವುದು ಹೆಚ್ಚಾಗಿ ಪಾರ್ಫಿರಿ ಬಗೆಯ ತಾಮ್ರ–ಚಿನ್ನದ ನಿಕ್ಷೇಪ. ಆಳದಿಂದ ಮೇಲೆದ್ದ ಶಿಲಾಪಾಕದ ಸುತ್ತ ಬಿಸಿ ದ್ರವ ಹರಿದು ಬಂಡೆಯನ್ನು ಉಂಗುರ ಉಂಗುರವಾಗಿ ಮಾರ್ಪಡಿಸಿರುತ್ತದೆ. ನಡುವೆ ಬಯೊಟೈಟ್, ಪೊಟ್ಯಾಶ್ ಫೆಲ್ಡ್‌ಸ್ಪಾರ್, ಹಲವೊಮ್ಮೆ ಮ್ಯಾಗ್ನಟೈಟ್. ಅದರ ಸುತ್ತ ಸೆರಿಸೈಟ್, ಬೆಣಚು, ಪೈರೈಟ್. ಹೊರಗೆ ಹಸಿರು ಕ್ಲೋರೈಟ್, ಎಪಿಡೋಟ್. ತಾಮ್ರ ಮತ್ತು ಚಿನ್ನ ಹೆಚ್ಚಾಗಿ ಒಳಗಿನ ಉಂಗುರದಲ್ಲಿ.

ಮೊದಲು ತೊರೆಗಳ ಮರಳು. 80 ಮೆಶ್ ಜರಡಿಯಲ್ಲಿ ಇಳಿದ ನಯ ಪುಡಿ ತಾಮ್ರಕ್ಕೆ ಚೆನ್ನಾಗಿ ಸಾಕು. ಚಿನ್ನಕ್ಕೆ ಸಾಲದು, ಏಕೆಂದರೆ ಚಿನ್ನ ಕಣಗಳಾಗಿ ಚದುರಿರುತ್ತದೆ. ಒಂದು ಕಣ ಬಿದ್ದರೆ ಮಾದರಿ ಹೊಳೆಯುತ್ತದೆ, ಬೀಳದಿದ್ದರೆ ಶೂನ್ಯ. ಅದಕ್ಕೆ ಹಲವು ಕಿಲೋ ತೂಕದ ದೊಡ್ಡ ಮಾದರಿ ಅಥವಾ ತೊರೆಯ ಬಂಡೆಗಳ ಮೇಲಿನ ಪಾಚಿಯಲ್ಲಿ ಸಿಕ್ಕಿಕೊಂಡ ಹೂಳು ಒಳ್ಳೆಯದು. ಮಾದರಿ ತೆಗೆಯುವವರು ಉಂಗುರ, ಸರ ಹಾಕಿರಬಾರದು. ಸತು ಲೇಪಿಸಿದ ಸಲಿಕೆಯಿಂದ ಸತುವಿನ ಸುಳ್ಳು ಸಂಕೇತ ಬರುತ್ತದೆ.

ಆಮೇಲೆ ಮಣ್ಣು. ಗೆರೆಗಳ ನಡುವೆ 200 ಮೀಟರ್, ಗೆರೆಯ ಮೇಲೆ 50 ಮೀಟರಿಗೊಂದು ಎಂದರೆ 2 ಕಿ.ಮೀ. ಚೌಕಕ್ಕೆ 11 ಗೆರೆ, 451 ಮಾದರಿ. ಇಬ್ಬರ ತಂಡ ದಿನಕ್ಕೆ 40ರಿಂದ 60 ತೆಗೆಯಬಲ್ಲದು. ಒಂದೇ ತಂಡವಾದರೆ ಸುಮಾರು ಹತ್ತು ದಿನ. ಎಲೆಗೊಬ್ಬರದ ಕಪ್ಪು ಪದರ ಮತ್ತು ಬೂದಿ ಬಣ್ಣದ ತೊಳೆದ ಪದರ ದಾಟಿ, ಕೆಂಪು–ಕಂದು ಪದರದಿಂದ ತೆಗೆಯಬೇಕು. ಸಾಮಾನ್ಯವಾಗಿ ಅದು 20ರಿಂದ 30 ಸೆಂ.ಮೀ. ಆಳದಲ್ಲಿ ಸಿಗುತ್ತದೆ. ಆಳ ಮುಖ್ಯವಲ್ಲ, ಪದರ ಮುಖ್ಯ. ಈ ನೆಲವೆಲ್ಲ ಒಮ್ಮೆ ಹಿಮನದಿಯಡಿ ಇದ್ದದ್ದು. ಹಿಮ ತಳ್ಳಿಕೊಂಡು ಬಂದ ಮಣ್ಣಿನಲ್ಲಿ ತಾಮ್ರ ಕಂಡರೆ ಅದರ ಮೂಲ ಹಿಮ ಬಂದ ದಿಕ್ಕಿನಲ್ಲಿ ಮೇಲಕ್ಕೆ ಇರುತ್ತದೆ. ಮಾದರಿಯ ಕೆಳಗೇ ಕೊರೆದು ಬರಿಗೈಯಲ್ಲಿ ಬಂದವರು ಬಹಳ ಮಂದಿ.

ಸಮುದಾಯದ ಯುವಕ ಯುವತಿಯರಿಗೆ ಕೆಲಸ ಕೊಡಲು ಇದು ಒಳ್ಳೆಯ ಹಂತ, ಆದರೆ ಹೊರೆ ಹೊರುವ ಕೆಲಸ ಮಾತ್ರ ಕೊಟ್ಟು ಲೆಕ್ಕ ತೋರಿಸಬೇಡಿ. ಮಣ್ಣಿನ ಪದರ ಗುರುತಿಸುವುದು, ಜಿಪಿಎಸ್, ಮಾದರಿ ಪುಸ್ತಕ, ಪ್ರಥಮ ಚಿಕಿತ್ಸೆ, ಕರಡಿ ಸುರಕ್ಷತೆಯ ತರಬೇತಿ ಮೇ ತಿಂಗಳಲ್ಲೇ ಮುಗಿಯಲಿ. ಎರಡನೇ ಬೇಸಿಗೆಗೆ ಅವರು ತಂಡದ ಮುಖ್ಯಸ್ಥರಾಗಬೇಕು. ಅಡುಗೆ, ಶಿಬಿರ, ಸಾಗಣೆಯ ಗುತ್ತಿಗೆಗಳೂ ಹಾಗೆಯೇ. ತಾಲ್ತಾನ್ ಜನರ ಅಭಿವೃದ್ಧಿ ನಿಗಮ 1985ರಿಂದಲೇ ಇದೆ. ಗುತ್ತಿಗೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು, ಹದಿನೈದು ದಿನದೊಳಗೆ ಹಣ ಪಾವತಿಸಿದರೆ ಹೊಸ ಸ್ಥಳೀಯ ಉದ್ಯಮಗಳೂ ನಿಲ್ಲುತ್ತವೆ. ಮೂರು ತಿಂಗಳ ಪಾವತಿಯ ರೂಢಿಗೆ ಅವು ಸಾಯುತ್ತವೆ.

ಕಲ್ಲಿನ ಹತಾರ, ಹಳೆಯ ಒಲೆಯ ಗುರುತು, ತೊಗಟೆ ಸುಲಿದ ಹಳೆಯ ಮರ ಕಂಡರೆ ಏನು ಮಾಡಬೇಕೆಂಬುದು ಎಲ್ಲರಿಗೂ ಮೊದಲ ದಿನವೇ ತಿಳಿದಿರಬೇಕು: ಕೈ ಹಚ್ಚದೆ ನಿಲ್ಲಿಸಿ, ಜಾಗ ಗುರುತಿಸಿ, ಮೇಲ್ವಿಚಾರಕರಿಗೆ ಹೇಳಿ, ಫೋಟೊವನ್ನು ಎಲ್ಲೂ ಹಂಚಬೇಡಿ. 1846ಕ್ಕಿಂತ ಹಿಂದಿನ ಇಂಥ ತಾಣಗಳಿಗೆ ಪ್ರಾಂತ್ಯದ ಪರಂಪರೆ ಸಂರಕ್ಷಣಾ ಕಾಯ್ದೆಯ ರಕ್ಷಣೆ ತಾನೇ ತಾನಾಗಿ ಇದೆ.

ಹೆಜ್ಜೆ 6: ಎಲ್ಲಿ ಕೊರೆಯಬೇಕು

ಕಾಂತೀಯ ಸಮೀಕ್ಷೆ ಮ್ಯಾಗ್ನಟೈಟ್ ಇರುವ ನಡುಭಾಗವನ್ನು ತೋರಿಸಬಹುದು. ನೆಲಕ್ಕೆ ವಿದ್ಯುತ್ ಹರಿಸಿ ಅಳೆಯುವ ಐಪಿ ಸಮೀಕ್ಷೆ ಸಲ್ಫೈಡ್ ಖನಿಜಗಳನ್ನು ತೋರಿಸುತ್ತದೆ. ಹೊಸಬರು ಇಲ್ಲೇ ತಪ್ಪುತ್ತಾರೆ: ಐಪಿಯಲ್ಲಿ ಅತ್ಯಂತ ಬಲವಾಗಿ ಹೊಳೆಯುವುದು ಹೆಚ್ಚಾಗಿ ಹೊರಗಿನ ಪೈರೈಟ್ ಉಂಗುರ. ಅದರಲ್ಲಿ ತಾಮ್ರ ಅತ್ಯಲ್ಪ. ಬಲವಾದ ಉಂಗುರದ ಒಳಬದಿಯಲ್ಲಿ, ಮಧ್ಯಮ ಸಂಕೇತ, ಕಾಂತೀಯ ಏರಿಕೆ ಮತ್ತು ಮಣ್ಣಿನಲ್ಲಿ ತಾಮ್ರ–ಚಿನ್ನ ಕೂಡುವ ಕಡೆ ನೋಡಿ. ಐಪಿ ತಂತಿಗೆ ಗೆರೆ ಕಡಿಯಬೇಕಾದೀತು. ಗೆರೆಯ ಅಗಲ, ಯಾವ ಮರ ಉಳಿಸಬೇಕು ಎಂಬುದನ್ನು ಮೇಲ್ವಿಚಾರಕರ ಜೊತೆ ನಡೆದು ತೀರ್ಮಾನಿಸಿ. ನೇರ ಗೆರೆಗಳು ತೋಳಗಳಿಗೆ ಕ್ಯಾರಿಬೂ ಕಡೆಗೆ ಓಡುವ ಹೆದ್ದಾರಿಯಾಗುತ್ತವೆ. ಇದನ್ನು ನಿಮಗೆ ಮೊದಲು ಹೇಳುವವರು ಬೇಟೆಗಾರರೇ.

ರಂಧ್ರಗಳ ಕರಡು ಪಟ್ಟಿಯಲ್ಲಿ ಬೇಕಾದ್ದಕ್ಕಿಂತ ಒಂದೂವರೆ ಪಟ್ಟು ಜಾಗ ಇಟ್ಟುಕೊಂಡು ಸಮುದಾಯದ ಬಳಿ ಹೋಗಿ. ಹತ್ತು ಬೇಕಿದ್ದರೆ ಹದಿನೈದು. ಐದು ಹೋದರೂ ಕಾರ್ಯಕ್ರಮ ನಿಲ್ಲುವುದಿಲ್ಲ. ಒಂದು ಜಾಗ ಬೇಡವೆಂದರೆ, ಕೊರೆಯುವ ಯಂತ್ರವನ್ನು 150 ಮೀಟರ್ ದೂರವಿಟ್ಟು ರಂಧ್ರವನ್ನು ಓರೆಯಾಗಿಸಿದರೂ ಅದೇ ಗುರಿ ಮುಟ್ಟಬಹುದು. ಈ ಸಾಧ್ಯತೆಯನ್ನು ಕೇಳುವ ಮೊದಲೇ ಲೆಕ್ಕ ಹಾಕಿಟ್ಟುಕೊಂಡಿರಿ.

ಹೆಜ್ಜೆ 7: ಕೊರೆತ

ವಜ್ರದ ಬಿಟ್‌ನಿಂದ ಕೊರೆದಾಗ ಬಂಡೆಯ ಕಂಬ, ಅಂದರೆ ಕೋರ್, ಹೊರಬರುತ್ತದೆ. ಎಚ್‌ಕ್ಯೂ ಗಾತ್ರದ್ದು 63.5 ಮಿ.ಮೀ., ಎನ್‌ಕ್ಯೂ 47.6 ಮಿ.ಮೀ. ದಪ್ಪ. ದಪ್ಪದಲ್ಲಿ ಶುರುಮಾಡಿ, ಬಂಡೆ ಕೆಟ್ಟಿದ್ದರೆ ಕೊಳವೆಯನ್ನು ರಂಧ್ರದಲ್ಲೇ ಬಿಟ್ಟು ಸಣ್ಣದಕ್ಕೆ ಇಳಿಯುವುದು ಜಾಣತನ.

ಜನ ಹೆಚ್ಚು ಕಳವಳಪಡುವುದು ನೀರಿನ ಬಗ್ಗೆ. ನಿಮಿಷಕ್ಕೆ 50 ಲೀಟರ್ ಎಂದಿಟ್ಟುಕೊಂಡರೂ ಹಗಲಿರುಳು ಕೊರೆದರೆ ದಿನಕ್ಕೆ 72,000 ಲೀಟರ್. ಸಣ್ಣ ತೊರೆಯಿಂದ ಆಗಸ್ಟ್‌ನಲ್ಲಿ ಇಷ್ಟು ಎತ್ತಿದರೆ ಮೀನಿಗೆ ನೀರಿಲ್ಲ. ಪಂಪಿನ ಬಾಯಿಗೆ 2.54 ಮಿ.ಮೀ. ಮೀರದ ಕಣ್ಣಿನ ಜಾಲರಿ ಹಾಕಿ, ಹರಿವನ್ನು ದಿನವೂ ಅಳೆಯಿರಿ, ಯಾವ ಮಟ್ಟಕ್ಕಿಂತ ಇಳಿದರೆ ನಿಲ್ಲಿಸಬೇಕು ಎಂದು ಮೊದಲೇ ಗೊತ್ತುಮಾಡಿ. ಕೊರೆತದ ಕೆಸರುನೀರು ತೊರೆಗೆ ಹೋಗದಂತೆ ಗುಂಡಿಯಲ್ಲಿ ತಂಗಿಸಿ, ತಿಳಿಯಾದ ನೀರನ್ನು ಮತ್ತೆ ಬಳಸಿ. ಇಳಿಜಾರಿನಲ್ಲಿ ಗುಂಡಿ ತುಂಬಿ ಹರಿಯುವುದು ಬಹುತೇಕ ರಾತ್ರಿ ಪಾಳಿಯಲ್ಲಿ. ಆದ್ದರಿಂದ ಎರಡನೆಯ ಗುಂಡಿ ಇರಲೇಬೇಕು, ರಾತ್ರಿಯೂ ಯಾರಾದರೂ ನೋಡಬೇಕು. ಇಂಧನದ ಡ್ರಮ್ಮುಗಳು ನೀರಿನಿಂದ ಕನಿಷ್ಠ 30 ಮೀಟರ್ ದೂರ, ಅವು ಕೂರುವ ತೊಟ್ಟಿ ದೊಡ್ಡ ಪಾತ್ರೆಯ ಶೇ 110ರಷ್ಟು ಹಿಡಿಯುವಂಥದು.

ಕೊರೆಯುವಾಗ ಒತ್ತಡದ ಅಂತರ್ಜಲ ಸಿಕ್ಕಿ ರಂಧ್ರದಿಂದ ನೀರು ತಾನೇ ಉಕ್ಕಬಹುದು. ಸಿಮೆಂಟ್ ಮತ್ತು ಮುಚ್ಚುವ ಬಿರಟೆ ಯಂತ್ರದ ಪಕ್ಕದಲ್ಲೇ ಇರಬೇಕು. ಹೆಲಿಕಾಪ್ಟರ್ ತರುವವರೆಗೆ ಎರಡು ದಿನ ಹರಿದ ನೀರಿಗೆ ಯಾವ ವಿವರಣೆಯೂ ಸಾಲದು. ಏನೇ ಚೆಲ್ಲಿದರೂ, ಉಕ್ಕಿದರೂ, ಸರ್ಕಾರಕ್ಕೆ ವರದಿ ಮಾಡುವ ಹೊತ್ತಿಗೇ ಸಮುದಾಯಕ್ಕೂ ತಿಳಿಸಿ, ಎರಡು ಲೀಟರ್ ಎಣ್ಣೆ ಆದರೂ ಸರಿ. ಚಿಕ್ಕದನ್ನು ಮುಚ್ಚಿಟ್ಟದ್ದು ಹೊರಬಂದ ದಿನದಿಂದ ನಿಮ್ಮ ದೊಡ್ಡ ಮಾತುಗಳನ್ನೂ ಯಾರೂ ನಂಬುವುದಿಲ್ಲ.

ಹೆಜ್ಜೆ 8: ಕೋರ್, ಪರೀಕ್ಷೆ, ಫಲಿತಾಂಶ

ಕೋರನ್ನು ತೊಳೆದು, ಮೀಟರ್ ಗುರುತಿಟ್ಟು, ಫೋಟೊ ತೆಗೆದು, ವಿವರ ಬರೆದು, ಗರಗಸದಲ್ಲಿ ಉದ್ದಕ್ಕೆ ಸೀಳಿ ಅರ್ಧ ಪ್ರಯೋಗಾಲಯಕ್ಕೆ, ಅರ್ಧ ಪೆಟ್ಟಿಗೆಯಲ್ಲಿ. ಎನ್‌ಕ್ಯೂ ಕೋರ್ ಮೀಟರಿಗೆ ಸುಮಾರು 4.8 ಕಿಲೋ. ಹಾಗಾಗಿ 2 ಮೀಟರಿನ ಅರ್ಧ ಮಾದರಿಯೂ ಅಷ್ಟೇ ತೂಗುತ್ತದೆ. ಚೀಲದ ತೂಕ ಇದಕ್ಕೆ ಹೊಂದದಿದ್ದರೆ ಎಲ್ಲೋ ಕೋರ್ ಕಳೆದಿದೆ ಅಥವಾ ಸಂಖ್ಯೆ ಅದಲುಬದಲಾಗಿದೆ. ಪ್ರತಿ 20 ಮಾದರಿಗೆ ಲೋಹದ ಪ್ರಮಾಣ ಮೊದಲೇ ಗೊತ್ತಿರುವ ಒಂದು ಪ್ರಮಾಣಿತ ಪುಡಿ, ಲೋಹವಿಲ್ಲದ ಒಂದು ಖಾಲಿ ಮಾದರಿ, ಅದೇ ಭಾಗದಿಂದ ಎರಡನೆಯ ಸಲ ತೆಗೆದ ಒಂದು ಜೋಡಿ ಮಾದರಿ ಸೇರಿಸಿ. ಕಣ್ಣಿಗೆ ಖನಿಜ ಕಾಣುವ ಭಾಗದ ಮಾದರಿಯ ಬೆನ್ನಿಗೇ ಖಾಲಿ ಮಾದರಿ ಇಟ್ಟರೆ ಪುಡಿಮಾಡುವ ಯಂತ್ರ ಸ್ವಚ್ಛವಾಗಿದೆಯೇ ಎಂದು ಗೊತ್ತಾಗುತ್ತದೆ. ಪ್ರಮಾಣಿತ ಪುಡಿಯ ಫಲಿತಾಂಶ ಮೂರು ಮಾನಕ ವಿಚಲನೆ ದಾಟಿದರೆ ಆ ಗುಂಪನ್ನು ಮತ್ತೆ ಪರೀಕ್ಷಿಸಿ. ಚಿನ್ನಕ್ಕೆ 30 ಅಥವಾ 50 ಗ್ರಾಂ ಫೈರ್ ಅಸ್ಸೇ, ಅಂದರೆ ಕುಲುಮೆಯಲ್ಲಿ ಕರಗಿಸಿ ಮಾಡುವ ಪರೀಕ್ಷೆ, ತಾಮ್ರಕ್ಕೆ ಆಮ್ಲದಲ್ಲಿ ಕರಗಿಸಿ ಅಳತೆ. ಶೇ 1 ದಾಟಿದ ತಾಮ್ರಕ್ಕೆ ಮೇಲ್ಮಟ್ಟದ ಮರುಪರೀಕ್ಷೆ.

ಫಲಿತಾಂಶ ಬಂದಾಗ ಒಂದು ಇಕ್ಕಟ್ಟು ಇದೆ. ಷೇರುಪೇಟೆಯ ನಿಯಮದಂತೆ, ಬೆಲೆಯನ್ನು ಅಲುಗಿಸಬಲ್ಲ ಸುದ್ದಿಯನ್ನು ಪ್ರಕಟಣೆಗೆ ಮೊದಲು ಆರಿಸಿದ ಕೆಲವರಿಗೆ ಹೇಳುವಂತಿಲ್ಲ. ಆದರೆ ತಮ್ಮ ನೆಲದ ಸುದ್ದಿಯನ್ನು ಜನ ಇಂಟರ್‌ನೆಟ್‌ನಲ್ಲಿ ಮೊದಲು ಓದುವುದೂ ಸಲ್ಲದು. ದಾರಿ ಇದು: ಪ್ರಕಟಣೆ ಹೊರಬಿದ್ದ ಬೆಳಿಗ್ಗೆಯೇ ನಾಯಕತ್ವಕ್ಕೆ ಕರೆ, ಆ ವಾರದಲ್ಲೇ ಊರಿನಲ್ಲಿ ಸಭೆ, ಕೋರ್ ಪೆಟ್ಟಿಗೆಗಳ ಸಮೇತ. ಪ್ರಕಟಣೆಯಲ್ಲಿ ಸಮುದಾಯದ ಹೆಸರು ಬಳಸುವುದಿದ್ದರೆ ಆ ವಾಕ್ಯವನ್ನು ಅವರಿಗೆ ಮೊದಲೇ ತೋರಿಸಿ ಒಪ್ಪಿಸಿಕೊಳ್ಳಿ. ಸಭೆ ನಡೆಸಿದ್ದನ್ನು "ಬೆಂಬಲ" ಎಂದು ಬರೆಯಬೇಡಿ.

ಉಳಿದ ಅರ್ಧ ಕೋರ್ ಎಲ್ಲಿಡುತ್ತೀರಿ ಎಂಬುದಕ್ಕೂ ಉತ್ತರ ಬೇಕು. ಪೈರೈಟ್ ಹೆಚ್ಚಿರುವ ಕೋರ್ ಮಳೆಗೆ ಬಿದ್ದರೆ ಆಮ್ಲ ಸೋರುತ್ತದೆ, ಲೋಹವೂ ಅದರ ಜೊತೆ ಇಳಿಯುತ್ತದೆ. ಮಾಡಿನ ಕೆಳಗೆ, ನೀರಿನಿಂದ ದೂರ ಇಡಿ.

ಹೆಜ್ಜೆ 9: ಮುಚ್ಚಿ ಬರುವುದು

ಒಂದು ರಂಧ್ರ ಮುಗಿದಾಗಲೇ ಅದರ ಜಾಗ ಸರಿಪಡಿಸಿ. ಎಲ್ಲವನ್ನೂ ಸೆಪ್ಟೆಂಬರ್ ಕೊನೆಗೆ ಬಿಟ್ಟರೆ ಹಿಮ ಮೊದಲು ಬರುತ್ತದೆ. ಕೊಳವೆ ತೆಗೆಯಿರಿ ಅಥವಾ ನೆಲಮಟ್ಟದ ಕೆಳಗೆ ಕತ್ತರಿಸಿ ಮುಚ್ಚಿ. ಮೊದಲೇ ಬೇರೆಯಾಗಿ ಗುಡ್ಡೆ ಹಾಕಿದ್ದ ಮೇಲ್ಮಣ್ಣನ್ನು ಕೊನೆಯಲ್ಲಿ ಹರಡಿ, ಗುಂಡಿಗಳನ್ನು ತುಂಬಿ, ಮರದ ದಿಮ್ಮಿಗಳನ್ನು ಅಡ್ಡಲಾಗಿ ಹಾಸಿ. ಬೀಜ ಆ ಪ್ರದೇಶದ ಗಿಡಗಳದ್ದೇ ಇರಲಿ, ಕಳೆ ಬೀಜ ಬೆರೆತ ಅಗ್ಗದ ಹುಲ್ಲು ಬೇಡ. ಯಾವ ಗಿಡ ಎಂಬುದನ್ನು ಊರಿನ ಹಿರಿಯ ಮಹಿಳೆಯರನ್ನು ಕೇಳಿ. ಹಕಲ್‌ಬೆರಿ ಹಣ್ಣಿನ ಗಿಡ ಎಲ್ಲಿ ಚಿಗುರುತ್ತದೆ, ಎಲ್ಲಿ ಚಿಗುರುವುದಿಲ್ಲ ಎಂದು ಅವರಿಗೆ ಗೊತ್ತಿರುತ್ತದೆ.

ಪ್ರತಿ ಜಾಗಕ್ಕೂ ಮೊದಲು, ಕೊರೆಯುವಾಗ, ಸರಿಪಡಿಸಿದ ಮೇಲೆ ಎಂದು ಒಂದೇ ದಿಕ್ಕಿನಿಂದ ಮೂರು ಫೋಟೊ ಇರಲಿ. ಅವುಗಳ ಜೊತೆ ನೀರಿನ ಅಳತೆಗಳು, ಪ್ರಾಣಿಗಳು ಕಂಡ ದಾಖಲೆ, ರಂಧ್ರಗಳ ವಿವರ ಮತ್ತು ಫಲಿತಾಂಶಗಳನ್ನು ಸೇರಿಸಿ, ತೆರೆದು ಓದಬಹುದಾದ ಸಾಮಾನ್ಯ ಕಡತಗಳಾಗಿ ಭೂಮಿ ಕಚೇರಿಗೆ ಒಪ್ಪಿಸಿ. ನೀವು ಕ್ಲೈಮ್ ಬಿಟ್ಟು ಹೋದರೂ ಮುಂದೆ ಬರುವ ಕಂಪನಿಯ ಎದುರು ಆ ದಾಖಲೆ ಅವರ ಕೈಯಲ್ಲಿರುತ್ತದೆ. ಠೇವಣಿ ವಾಪಸ್ ಕೇಳುವ ಮೊದಲು ಎರಡು ಬೇಸಿಗೆ ಬಿಟ್ಟು ಮೇಲ್ವಿಚಾರಕರ ಜೊತೆ ಎಲ್ಲ ಜಾಗಗಳನ್ನೂ ನಡೆದು ನೋಡಿ. ಚಿಗುರದ ಕಡೆ ಮತ್ತೆ ಬಿತ್ತಿ, ನೆಲ ಕುಸಿದ ಕಡೆ ಮಣ್ಣು ತುಂಬಿ, ಆಮೇಲೆ ಅರ್ಜಿ ಹಾಕಿ.